ಸರ್ವರ್ ಕೊಠಡಿ: ಸಿದ್ಧಪಡಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಲೆಕ್ಕದ ಪುಸ್ತಕಗಳನ್ನು ತಿಜೋರಿಯಲ್ಲಿಟ್ಟು ಕಾಪಾಡುತ್ತಿದ್ದ ವರ್ತಕ ಸಮುದಾಯವು ಇಂದು ಅದೇ ಲೆಕ್ಕವನ್ನು ಸರ್ವರ್ ಎಂಬ ಯಂತ್ರದ ವಶಕ್ಕೆ ಒಪ್ಪಿಸಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಿತು. 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ನೋಂದಾಯಿತ ವ್ಯಾಪಾರಿಗಳಿಗೆ ನೀಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಸರ್ವರ್ ನಿಂತರೆ ಬಿಲ್ಲು ಹೊರಡದು. ಬಿಲ್ಲಿಲ್ಲದೆ ಲಾರಿ ಹೊರಡದು. ಆದರೂ ಅನೇಕ ಘಟಕಗಳಲ್ಲಿ ಈ ಯಂತ್ರಕ್ಕೆ ದೊರೆತಿರುವ ಸ್ಥಾನ ಮೆಟ್ಟಿಲ ಕೆಳಗಿನ ಮೂಲೆ ಅಥವಾ ಹಳೆಯ ಕಡತಗಳ ಕೋಣೆ.

ಸ್ಥಳದ ಆಯ್ಕೆ

ಶೌಚಾಲಯ, ನೀರಿನ ತೊಟ್ಟಿ ಅಥವಾ ಕೊಳವೆಗಳ ಕೆಳಗಿನ ಕೋಣೆ ಬೇಡ. ಮಳೆನೀರು ನುಗ್ಗುವ ನೆಲಮಾಳಿಗೆಯೂ ಸಲ್ಲದು. ಗ್ರೈಂಡಿಂಗ್, ವೆಲ್ಡಿಂಗ್ ನಡೆಯುವ ಶೆಡ್ಡಿಗೆ ಹೊಂದಿಕೊಂಡ ಕೋಣೆಯನ್ನು ಬಿಡುವುದು ಲೇಸು. ಲೋಹದ ಧೂಳು ವಿದ್ಯುದ್ವಾಹಕವಾದುದರಿಂದ ಸರ್ಕ್ಯೂಟುಗಳನ್ನು ಸುಡಬಲ್ಲದು. 42 ಯು ಅಳತೆಯ ರ್‍ಯಾಕ್ ಸುಮಾರು 2 ಮೀಟರ್ ಎತ್ತರ, 1 ಮೀಟರ್ ಆಳವಿರುತ್ತದೆ. ಮುಂದೆ ಮತ್ತು ಹಿಂದೆ ತಲಾ 1 ಮೀಟರ್ ಬಿಟ್ಟರೆ 3 ಮೀಟರ್ ಉದ್ದದ ಕೋಣೆ ಬೇಕು. ಬಾಗಿಲಿನಲ್ಲಿ ರ್‍ಯಾಕ್ ಒಳಹೋಗುವುದೇ ಎಂಬುದನ್ನು ಖರೀದಿಗೆ ಮೊದಲೇ ಅಳೆಯಬೇಕು.

ತಂಪಿನ ಲೆಕ್ಕ

ಸರ್ವರ್ ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗುತ್ತದೆ. 1 ಕಿಲೋವ್ಯಾಟ್ ಎಂದರೆ ಗಂಟೆಗೆ ಸುಮಾರು 3,412 ಬಿ.ಟಿ.ಯು.; 1 ಟನ್ ಎ.ಸಿ.ಯ ಸಾಮರ್ಥ್ಯ 12,000 ಬಿ.ಟಿ.ಯು. ಎರಡು ಸರ್ವರ್, ಒಂದು ಸ್ವಿಚ್ ಮತ್ತು ಶೇಖರಣಾ ಸಾಧನ ಸೇರಿ 1,200 ವ್ಯಾಟ್ ಬಳಸಿದರೆ ಶಾಖ ಸುಮಾರು 4,100 ಬಿ.ಟಿ.ಯು. ಇದಕ್ಕೆ ಯುಪಿಎಸ್, ದೀಪ ಮತ್ತು ಬಿಸಿಲು ತಾಗುವ ಗೋಡೆಯ ಶಾಖವನ್ನು ಕೂಡಿಸಬೇಕು. ದೊಡ್ಡದೊಂದು ಎ.ಸಿ.ಗಿಂತ, ಪ್ರತಿಯೊಂದೂ ಏಕಾಂಗಿಯಾಗಿ ಹೊರೆ ಹೊರಬಲ್ಲ ಎರಡು ಎ.ಸಿ.ಗಳನ್ನು ಸರದಿಯಂತೆ ನಡೆಸುವುದು ಸುರಕ್ಷಿತ. ಸರ್ವರ್ ಒಳಸೇರುವ ಗಾಳಿಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಸೂಕ್ತವೆಂದು ಆಶ್ರೇ ಸಂಸ್ಥೆ ಶಿಫಾರಸು ಮಾಡಿದೆ. ಎ.ಸಿ.ಯನ್ನು ರ್‍ಯಾಕಿನ ನೇರ ಮೇಲೆ ಕೂರಿಸಬಾರದು. ಸೋರುವ ನೀರು ಯಂತ್ರದ ಮೇಲೆಯೇ ಬೀಳುತ್ತದೆ.

ವಿದ್ಯುತ್ತು ಮತ್ತು ಅರ್ಥಿಂಗ್

ಕಾರ್ಖಾನೆಯ ಮೋಟಾರುಗಳಿರುವ ಲೈನಿನಿಂದ ಸರ್ವರಿಗೆ ವಿದ್ಯುತ್ತು ಕೊಡದೆ, ಮುಖ್ಯ ಪ್ಯಾನಲಿನಿಂದಲೇ ಪ್ರತ್ಯೇಕ ಲೈನ್ ಎಳೆಯಬೇಕು. ಅರ್ಥಿಂಗನ್ನು ಐ.ಎಸ್. 3043 ಮಾನಕದಂತೆ ಪರವಾನಗಿ ಪಡೆದ ಗುತ್ತಿಗೆದಾರರಿಂದ ಮಾಡಿಸಿ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಮತ್ತೆ ಅಳೆಯಿಸಬೇಕು. ಮೇಲಿನ ಉದಾಹರಣೆಗೆ 3 ಕೆ.ವಿ.ಎ. ಆನ್‌ಲೈನ್ ಯುಪಿಎಸ್ ಸಾಕಾಗುತ್ತದೆ. ಅದರ ಸೀಲ್ಡ್ ಬ್ಯಾಟರಿಗಳನ್ನೂ ತಂಪಿನಲ್ಲಿಡಬೇಕು. 25 ಡಿಗ್ರಿಯ ಮೇಲೆ ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ.

ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ವಿದ್ಯುತ್ತು ಹೋದಾಗ ಯುಪಿಎಸ್ ಬಲದಿಂದ ಸರ್ವರ್ ಓಡುತ್ತಿರುತ್ತದೆ, ಆದರೆ ಎ.ಸಿ. ನಿಂತಿರುತ್ತದೆ. ಮುಚ್ಚಿದ ಸಣ್ಣ ಕೋಣೆ ಬೇಗನೆ ಕಾಯುತ್ತದೆ. ಆದ್ದರಿಂದ ಎ.ಸಿ.ಗೂ ಜನರೇಟರ್ ಸಂಪರ್ಕವಿರಬೇಕು. ವಿದ್ಯುತ್ತು ಮರಳಿದೊಡನೆ ತಾನಾಗಿ ಚಾಲೂ ಆಗುವ ಮಾದರಿಯನ್ನೇ ಕೊಳ್ಳಬೇಕು. ಇಲ್ಲವಾದರೆ ಭಾನುವಾರದ ರಾತ್ರಿ ನಿಂತ ಎ.ಸಿ. ಸೋಮವಾರ ಬೆಳಿಗ್ಗೆಯವರೆಗೆ ಯಾರ ಗಮನಕ್ಕೂ ಬಾರದು.

ಬೆಂಕಿ, ಬೀಗ, ನಕಲು

ಕೋಣೆಯಲ್ಲಿ ಹೊಗೆ ಪತ್ತೆಯ ಸಾಧನ ಮತ್ತು ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಇರಲಿ. ಪುಡಿಯ ಅಗ್ನಿಶಾಮಕ ಬೆಂಕಿ ಆರಿಸಿದರೂ ಯಂತ್ರವನ್ನು ಕೆಡಿಸೀತು. ರಟ್ಟಿನ ಪೆಟ್ಟಿಗೆ, ಕಾಗದಗಳಿಗೆ ಅಲ್ಲಿ ಎಡೆಯಿಲ್ಲ. ಬೀಗದ ಕೈ ಇಬ್ಬರ ಬಳಿ ಮಾತ್ರ ಇರಲಿ.

ಎಷ್ಟೇ ಉತ್ತಮ ಕೊಠಡಿಯೂ ದತ್ತಾಂಶದ ನಕಲಿಗೆ ಪರ್ಯಾಯವಲ್ಲ. ಜಿ.ಎಸ್.ಟಿ. ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು ಕಾನೂನು ಹೇಳುತ್ತದೆ. ಪ್ರತಿದಿನದ ನಕಲೊಂದು ಬೇರೆ ಕಟ್ಟಡದಲ್ಲಿರಲಿ.

ಹಣ ಸೀಮಿತವಾಗಿದ್ದಲ್ಲಿ ಮೊದಲು ನಕಲು ಮತ್ತು ಅರ್ಥಿಂಗ್, ನಂತರ ಯುಪಿಎಸ್ ಮತ್ತು ಎ.ಸಿ., ಕೊನೆಗೆ ರ್‍ಯಾಕಿನ ಅಂದಚೆಂದ ಎಂಬ ಕ್ರಮ ಒಳಿತು. ಕೆಲಸ ಮುಗಿದ ಮೇಲೆ ರಜಾದಿನವೊಂದರಲ್ಲಿ ನಕಲು ತೆಗೆದಿಟ್ಟು, ಮುಖ್ಯ ಸ್ವಿಚ್ ಆರಿಸಿ, ಪ್ರತಿಯೊಂದು ಸಾಧನವೂ ಹೇಗೆ ವರ್ತಿಸುವುದೆಂದು ಉದ್ಯಮಿಗಳು ಸ್ವತಃ ನಿಂತು ನೋಡುವುದು ಅವಶ್ಯಕ.