ಸ್ಟಿಯರಿಂಗ್ ಕೊಟ್ಟಿದ್ದು ಅಪ್ಪ, ತಿರುಗಿಸಿದ್ದು ಮಕ್ಕಳು!

ಸಂಜೆ ಆರೂವರೆ. ಚಾಮರಾಜಪೇಟೆ ಮಕ್ಕಳ ಕೂಟದ ಹತ್ತಿರ ಬಸ್ಸು ನಿಂತಿದೆ. ಮುಂದೆ ಆಟೋ, ಆಟೋ ಮುಂದೆ ಲಾರಿ, ಲಾರಿ ಮುಂದೆ ಏನಿದೆಯೋ ದೇವರೇ ಬಲ್ಲ. ಕಂಡಕ್ಟರ್ ಟಿಕೆಟ್ ಕೊಟ್ಟು ಮುಗಿಸಿ ಬಾಗಿಲಲ್ಲಿ ನಿಂತು ಆಕಳಿಸುತ್ತಿದ್ದಾನೆ. ‘ನಡಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಮನೆ ಸೇರ್ತಿದ್ವಿ’ ಅಂತ ಹಿಂದಿನ ಸೀಟಿನಲ್ಲಿ ಗೊಣಗಾಟ.

ಇಂಥ ಊರಿನ ಅಣ್ಣ ತಮ್ಮ ಇಬ್ಬರು ಗಂಟೆಗೆ ಇನ್ನೂರೈವತ್ತು, ಮುನ್ನೂರು ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸುವುದನ್ನೇ ಕಸುಬು ಮಾಡಿಕೊಂಡಿದ್ದಾರೆ ಅಂದರೆ ನಂಬುತ್ತೀರಾ? ನಂಬಲೇಬೇಕು. ಅಣ್ಣ ಅರ್ಜುನ್ ಮೈನಿ, ಹುಟ್ಟಿದ್ದು 1997ರಲ್ಲಿ. ತಮ್ಮ ಕುಶ್ ಮೈನಿ, ಹುಟ್ಟಿದ್ದು 2000ದಲ್ಲಿ. ಇಬ್ಬರೂ ನಮ್ಮ ಬೆಂಗಳೂರಿನ ಹುಡುಗರೇ. 2025ರ ಮೇ 24ರಂದು ಮೊನಾಕೊದ ಬೀದಿಗಳಲ್ಲಿ ನಡೆದ ಫಾರ್ಮುಲಾ-2 ರೇಸಿನಲ್ಲಿ ತಮ್ಮ ಕುಶ್ ಎಲ್ಲರಿಗಿಂತ ಮುಂದೆ ಬಂದ. ಅಲ್ಲಿ ಫಾರ್ಮುಲಾ-2 ರೇಸ್ ಗೆದ್ದ ಮೊದಲ ಭಾರತೀಯ ಅವನೇ.

ಸುದ್ದಿ ಬಂತು, ಹೋಯಿತು. ಕ್ರಿಕೆಟ್ಟಿನ ಗಲಾಟೆಯಲ್ಲಿ ಅದು ಒಳಪುಟ ಸೇರಿತು. ಆದರೆ ಈ ಹುಡುಗರ ಕಥೆ ಒಳಪುಟದ್ದಲ್ಲ. ಅಪ್ಪ ಮಕ್ಕಳಿಗೆ ಏನು ಕೊಡಬಲ್ಲ, ಏನು ಕೊಡಲಾರ ಎನ್ನುವ ಲೆಕ್ಕ ಇದರಲ್ಲಿದೆ. ಮಗನನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸುವ ಪ್ರತಿಯೊಬ್ಬ ಯಜಮಾನನಿಗೂ ಗೊತ್ತಿರುವ ಲೆಕ್ಕವೇ ಅದು.

ಮನೆಯೇ ಒಂದು ಗ್ಯಾರೇಜು

ಚಾಮರಾಜಪೇಟೆ ಬಿಟ್ಟು ಕಲಾಸಿಪಾಳ್ಯ ದಾಟಿದರೆ ಜೆ.ಸಿ. ರೋಡು. ಪಿಸ್ಟನ್, ಬೇರಿಂಗ್, ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್ ಮಾರುವ ಅಂಗಡಿಗಳ ಸಾಲು. ಅಲ್ಲಿ ಅಪ್ಪನ ಅಂಗಡಿಯಲ್ಲಿ ಬೆಳೆದ ಹುಡುಗ ಅಕ್ಷರ ಕಲಿಯುವ ಮೊದಲೇ ನಟ್ಟು ಬೋಲ್ಟಿನ ನಂಬರು ಕಲಿತಿರುತ್ತಾನೆ. ಮೈನಿ ಮನೆಯದೂ ಅದೇ ಕಥೆ, ಅಳತೆ ಮಾತ್ರ ದೊಡ್ಡದು. ತಾತ ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆ ಕಟ್ಟಿದವರು.

ಚಿಕ್ಕಪ್ಪ ಚೇತನ್ ಮೈನಿಯವರ ಹೆಸರು ನಿಮಗೆ ನೆನಪಾಗದಿದ್ದರೂ ಅವರ ಕಾರು ನೆನಪಾದೀತು. ರೇವಾ! 2001ರಲ್ಲಿ ರಸ್ತೆಗಿಳಿದ ಆ ಮರಿ ಎಲೆಕ್ಟ್ರಿಕ್ ಕಾರು ಲಂಡನ್ ರಸ್ತೆಗಳಲ್ಲೂ ಓಡಾಡಿತು. 2010ರಲ್ಲಿ ಮಹೀಂದ್ರಾ ಕಂಪನಿಯ ಪಾಲಾಯಿತು. ಅದೇ ಚೇತನ್, ಅಮೆರಿಕದಲ್ಲಿ ಓದುವಾಗ, 1990ರಲ್ಲಿ ಸೌರಶಕ್ತಿ ಕಾರುಗಳ ರೇಸ್ ಗೆದ್ದ ಮಿಶಿಗನ್ ವಿಶ್ವವಿದ್ಯಾಲಯದ ತಂಡದಲ್ಲಿದ್ದವರು. ಇನ್ನು ಹುಡುಗರ ತಂದೆ ಗೌತಮ್ ಮೈನಿ ಸ್ವತಃ ರೇಸ್ ಕಾರು ಓಡಿಸಿದವರು. ಊಟದ ಹೊತ್ತಿನ ಮಾತಿನಲ್ಲೂ ಗೇರು, ಟೈರು ಬರುವಂಥ ಮನೆ.

‘ಅಪ್ಪನ ಹತ್ರ ದುಡ್ಡಿದ್ರೆ ಯಾರು ಬೇಕಾದ್ರೂ ಓಡಿಸ್ತಾರೆ ಬಿಡ್ರೀ’ ಅನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಕ್ರಿಕೆಟ್‌ನಲ್ಲಿ ಆಡುವವನಿಗೆ ಸಂಬಳ. ಫಾರ್ಮುಲಾ-1ರ ಕೆಳಗಿನ ರೇಸುಗಳಲ್ಲಿ ಲೆಕ್ಕ ಉಲ್ಟಾ: ಓಡಿಸುವವನ ಕಡೆಯಿಂದಲೇ ತಂಡಕ್ಕೆ ದುಡ್ಡು ಹೋಗಬೇಕು. ಅದು ಅಪ್ಪನದಾದರೂ ಸರಿ, ಜಾಹೀರಾತು ಕೊಡುವ ಕಂಪನಿಯದಾದರೂ ಸರಿ. ವರ್ಷವರ್ಷವೂ ಕೋಟಿಗಳ ಮಾತು. ಟೈರು, ಇಂಜಿನ್, ಮೆಕ್ಯಾನಿಕ್ಕು, ವಿಮಾನದ ಖರ್ಚು ಎಲ್ಲಾ ಅದರಲ್ಲೇ.

ಇಲ್ಲಿಯತನಕ ಫಾರ್ಮುಲಾ-1 ರೇಸಿನಲ್ಲಿ ಓಡಿಸಿದ ಭಾರತೀಯರು ಇಬ್ಬರೇ. 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಚೆನ್ನೈನ ಕರುಣ್ ಚಾಂಧೋಕ್. ನಾರಾಯಣ್ ತಂದೆ ರ್‍ಯಾಲಿ ಓಡಿಸಿದವರು. ಕರುಣ್ ತಂದೆಯೂ ರ್‍ಯಾಲಿಯವರೇ, ತಾತನ ಕಾಲದಿಂದ ಆ ಮನೆಯಲ್ಲಿ ರೇಸಿನ ನಂಟು. ಅಂದಮೇಲೆ ಒಪ್ಪಿಕೊಳ್ಳೋಣ. ಮನೆಯ ಬಲ ಇಲ್ಲದವನಿಗೆ ಈ ಆಟದ ಬಾಗಿಲೇ ಕಾಣುವುದಿಲ್ಲ.

ಆದರೆ ಬಾಗಿಲು ದಾಟಿದ ಮೇಲೆ?

ಅಣ್ಣನ ಮೂರು ಪಾಯಿಂಟು

2011ರಲ್ಲಿ ವಿಜಯ್ ಮಲ್ಯ ನಡೆಸುತ್ತಿದ್ದ ಫೋರ್ಸ್ ಇಂಡಿಯಾ ತಂಡ ದೇಶದಲ್ಲೆಲ್ಲ ಹುಡುಕಿ ಮೂವರು ಹುಡುಗರನ್ನು ಆರಿಸಿತು. ಅವರಲ್ಲಿ ಒಬ್ಬ ಅರ್ಜುನ್. ಆಗ ಅವನಿಗೆ ವಯಸ್ಸು 13. ನಮ್ಮ ಮಕ್ಕಳು ಸೈಕಲ್ಲಿಗೆ ಹಟ ಮಾಡುವ ವಯಸ್ಸು.

2014ರಲ್ಲಿ ಅರ್ಜುನ್ ಇಂಗ್ಲೆಂಡಿನ ಫಾರ್ಮುಲಾ-4 ಚಾಂಪಿಯನ್‌ಶಿಪ್ಪಿನಲ್ಲಿ ಕಣಕ್ಕಿಳಿದ. ಇಡೀ ವರ್ಷ ಜಟಾಪಟಿ. ಕೊನೆಯ ರೇಸು ಮುಗಿದು ಲೆಕ್ಕ ಹಾಕಿದಾಗ ನಮ್ಮವನು ಎರಡನೆಯ ಸ್ಥಾನ. ಕಳೆದುಕೊಂಡಿದ್ದು ಬರೀ 3 ಪಾಯಿಂಟಿನಿಂದ. ಗೆದ್ದ ಹುಡುಗನ ಹೆಸರು ಜಾರ್ಜ್ ರಸೆಲ್. ಅವನು 2019ರಲ್ಲಿ ಫಾರ್ಮುಲಾ-1 ಸೇರಿದ, 2022ರಲ್ಲಿ ಮರ್ಸಿಡಿಸ್ ತಂಡಕ್ಕೆ ಬಂದ, ಗ್ರಾನ್ ಪ್ರಿಗಳನ್ನೂ ಗೆದ್ದ. ಮೂರು ಪಾಯಿಂಟು ಅಂದರೆ ಎಷ್ಟು ಅಂತ ಈಗ ಹೇಳಿ!

ಅರ್ಜುನ್ ಅಲ್ಲಿಗೇ ಕೈಚೆಲ್ಲಲಿಲ್ಲ. 2017ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜಿಪಿ-3 ರೇಸ್ ಗೆದ್ದ. ಆ ಮಟ್ಟದಲ್ಲಿ ಗೆದ್ದ ಮೊದಲ ಭಾರತೀಯ. ಅದೇ ವರ್ಷ ಫಾರ್ಮುಲಾ-1ರ ಹಾಸ್ ತಂಡ ಅವನನ್ನು ಡೆವಲಪ್‌ಮೆಂಟ್ ಡ್ರೈವರ್ ಅಂತ ಸೇರಿಸಿಕೊಂಡಿತು. ‘ಇನ್ನೇನು, ಬಂದೇ ಬಿಟ್ಟ’ ಅಂದುಕೊಂಡರು ಜನ.

2018ರಲ್ಲಿ ಫಾರ್ಮುಲಾ-2 ಸೇರಿದ. ಆ ವರ್ಷ ಸಿಕ್ಕಿದ್ದೆಲ್ಲ ಕಹಿ. ಸಿಲ್ವರ್‌ಸ್ಟೋನಿನಲ್ಲಿ ರೇಸು ಮುಗಿದು ಎಲ್ಲರೂ ನಿಧಾನವಾಗಿ ವಾಪಸ್ ಬರುತ್ತಿರುವಾಗ, ಅವನದೇ ತಂಡದ ಅಮೆರಿಕದ ಜೊತೆಗಾರ ಸ್ಯಾಂಟಿನೊ ಫೆರುಚಿ ಬಂದು ಅವನ ಕಾರಿಗೆ ಗುದ್ದಿದ. ಫೆರುಚಿಗೆ ನಾಲ್ಕು ರೇಸುಗಳ ನಿಷೇಧ ಬಿತ್ತು, ತಂಡವೂ ಅವನನ್ನು ಕೈಬಿಟ್ಟಿತು. ಆ ವರ್ಷದ ಚಾಂಪಿಯನ್ ಯಾರು ಗೊತ್ತೆ? ಅದೇ ರಸೆಲ್. ಮಲ್ಯರ ತಂಡವೂ ಆ ವರ್ಷವೇ ಸಾಲದಲ್ಲಿ ಮುಳುಗಿ ಕೈ ಬದಲಾಯಿತು.

ಅರ್ಜುನ್ ದಾರಿ ಬದಲಿಸಿದ. ಸಣ್ಣ ಮಾತಲ್ಲ ಅದು. ಹದಿಮೂರು ವರ್ಷದವನಿದ್ದಾಗಿನಿಂದ ಕಂಡ ಕನಸನ್ನು ಇಪ್ಪತ್ತೊಂದರಲ್ಲಿ ಮಡಿಚಿಡಬೇಕು. 2019ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಓಡಿಸಿದ. 2021ರಲ್ಲಿ ಜರ್ಮನಿಯ ಡಿಟಿಎಂ ರೇಸಿಗೆ ಇಳಿದ. ಅಲ್ಲಿ ಓಡಿಸಿದ ಮೊದಲ ಭಾರತೀಯ. ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಮಸ್ಟ್ಯಾಂಗ್. ಹೆದ್ದಾರಿ ಸಿಗಲಿಲ್ಲ, ಪಕ್ಕದ ರಸ್ತೆಯಲ್ಲಿ ಗೌರವದಿಂದ ದುಡಿದ.

ತಮ್ಮನ ಜಮಾ ಖರ್ಚು

ಈಗ ತಮ್ಮನ ಸರದಿ. 2020ರಲ್ಲಿ ಕುಶ್ ಬ್ರಿಟಿಷ್ ಫಾರ್ಮುಲಾ-3ರಲ್ಲಿ ಎರಡನೆಯ ಸ್ಥಾನ. ಈ ಮನೆಗೂ ಎರಡನೆಯ ಸ್ಥಾನಕ್ಕೂ ಏನೋ ನಂಟು! 2023ರಲ್ಲಿ ಫಾರ್ಮುಲಾ-2 ಸೇರಿದ.

ಫಾರ್ಮುಲಾ-2 ಅಂದರೆ ಫಾರ್ಮುಲಾ-1ಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಎಲ್ಲಾ ತಂಡಕ್ಕೂ ಒಂದೇ ಕಂಪನಿಯ ಬಾಡಿ, ಒಂದೇ ಕಂಪನಿಯ ಇಂಜಿನ್, ಒಂದೇ ಟೈರು. ಸುಮಾರು 620 ಕುದುರೆ ಶಕ್ತಿ. ಪವರ್ ಸ್ಟಿಯರಿಂಗ್ ಇಲ್ಲ, ನಮ್ಮ ಹಳೇ ಬಸ್ಸಿನ ಡ್ರೈವರ್ ಥರ ತೋಳಿನ ಬಲದಲ್ಲೇ ತಿರುಗಿಸಬೇಕು. ಅಪ್ಪನ ದುಡ್ಡಿನ ಮಾತು ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ದುಡ್ಡು ಸೀಟು ಕೊಡಿಸುತ್ತದೆ, ಪಕ್ಕದವನಿಗಿಂತ ಜೋರಾಗಿ ಓಡುವ ಬೇರೆ ಇಂಜಿನ್ ಕೊಡಿಸುವುದಿಲ್ಲ.

2024ರಲ್ಲಿ ಕುಶ್ ಇನ್ವಿಕ್ಟಾ ತಂಡದಲ್ಲಿದ್ದ. ಆ ವರ್ಷದ ಅವನ ಖಾತೆ ನೋಡಿದರೆ ನಮ್ಮ ಅಂಗಡಿಯವರಿಗೆ ನಗು, ಅಳು ಎರಡೂ ಬರಬೇಕು.

ಮೊದಲು ಖರ್ಚು. ವರ್ಷದ ಮೊದಲ ರೇಸು ಬಹರೈನಿನಲ್ಲಿ. ಅರ್ಹತಾ ಸುತ್ತಿನಲ್ಲಿ ಕುಶ್ ಎಲ್ಲರಿಗಿಂತ ವೇಗ. ಮುಂದಿನ ಸಾಲಿನ ಮೊದಲ ಜಾಗ ಅವನದೇ. ಸಂಭ್ರಮ ಮುಗಿಯುವ ಮೊದಲೇ ತಪಾಸಣೆಯವರು ಬಂದರು. ನಮ್ಮಲ್ಲಿ ಬ್ರೇಕ್ ಇನ್ಸ್‌ಪೆಕ್ಟರು ಗಾಡಿಗೆ ಎಫ್.ಸಿ. ಕೊಡಲ್ಲ ಅನ್ನುತ್ತಾರಲ್ಲ, ಹಾಗೆ ಕಾರು ನಿಯಮಕ್ಕೆ ಹೊಂದುತ್ತಿಲ್ಲ ಅಂದರು. ಮೊದಲ ಜಾಗ ಹೋಯಿತು, ಅವನದೇ ತಂಡದ ಬ್ರೆಜಿಲ್ ಹುಡುಗ ಗೇಬ್ರಿಯಲ್ ಬೊರ್ಟೊಲೆಟೊಗೆ ಸಿಕ್ಕಿತು.

ಒಂದೇ ವಾರದಲ್ಲಿ ಜಮಾ. ಸೌದಿಯ ಜೆಡ್ಡಾದಲ್ಲಿ ಮೊದಲ ಜಾಗ ಗಳಿಸಿದ್ದವನು ಇಂಗ್ಲೆಂಡಿನ ಆಲಿವರ್ ಬೇರ್‌ಮನ್. ಅಷ್ಟರಲ್ಲಿ ಫೆರಾರಿ ತಂಡದ ಕಾರ್ಲೋಸ್ ಸೈನ್ಜ್‌ಗೆ ಅಪೆಂಡಿಸೈಟಿಸ್ ಆಗಿ ಆಪರೇಷನ್. ಫೆರಾರಿಯವರು 18 ವರ್ಷದ ಬೇರ್‌ಮನ್‌ನನ್ನು ಕರೆದು ಫಾರ್ಮುಲಾ-1 ಕಾರಿನಲ್ಲಿ ಕೂರಿಸಿದರು. ಖಾಲಿಯಾದ ಜಾಗ ಕುಶ್‌ಗೆ ಬಂತು. ರೇಸಿನಲ್ಲಿ ಎರಡನೆಯವನಾದ. ಎಲ್ಲೋ ಒಬ್ಬನ ಹೊಟ್ಟೆನೋವು, ಇನ್ನೊಬ್ಬನಿಗೆ ಮುಂದಿನ ಸಾಲು!

ಜುಲೈನಲ್ಲಿ ಹಂಗೆರಿ. ಡಚ್ ಚಾಲಕ ರಿಚರ್ಡ್ ವರ್ಷೂರ್ ಮೊದಲು, ಕುಶ್ ಎರಡನೆಯವನು. ಬಹುಮಾನದ ಕಟ್ಟೆಯ ಮೇಲೆ ಎರಡನೆಯ ಮೆಟ್ಟಿಲಲ್ಲೇ ನಿಂತ. ಆಮೇಲೆ ತಪಾಸಣೆ. ಈ ಸಲ ಅನರ್ಹವಾಗಿದ್ದು ವರ್ಷೂರ್ ಕಾರು. ಕುಶ್‌ಗೆ ಫಾರ್ಮುಲಾ-2ರ ಮೊದಲ ಗೆಲುವು ಸಿಕ್ಕಿತು, ಆದರೆ ಕಾಗದದ ಮೇಲೆ. ಬಹರೈನಿನಲ್ಲಿ ಕಾಗದ ಕಿತ್ತುಕೊಂಡಿದ್ದನ್ನು ಹಂಗೆರಿಯಲ್ಲಿ ಕಾಗದವೇ ವಾಪಸ್ ಕೊಟ್ಟಿತು.

ವರ್ಷದ ಕೊನೆಗೆ ಕುಶ್ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಇರಲಿಲ್ಲ. ಅದೇ ತಂಡದಲ್ಲಿ, ಅಂಥದೇ ಕಾರಿನಲ್ಲಿ ಓಡಿಸಿದ ಬೊರ್ಟೊಲೆಟೊ ಚಾಂಪಿಯನ್ ಆದ, 2025ರಲ್ಲಿ ಫಾರ್ಮುಲಾ-1ರ ಸೀಟು ಪಡೆದ. ಈ ಮಾತು ಮುಚ್ಚಿಟ್ಟರೆ ಹುಡುಗನಿಗೂ ಅನ್ಯಾಯ, ಓದುಗರಿಗೂ ಅನ್ಯಾಯ. ಅದೃಷ್ಟ ಕೊಟ್ಟಿದ್ದನ್ನು, ಕಿತ್ತುಕೊಂಡಿದ್ದನ್ನು ಎರಡನ್ನೂ ಬದಿಗಿಟ್ಟರೆ ಉಳಿಯುವುದು ಪಕ್ಕದ ಕಾರಿನವನ ಲೆಕ್ಕ. ಅಲ್ಲಿ ಅಪ್ಪನೂ ಬರಲಾರ, ಚಿಕ್ಕಪ್ಪನೂ ಬರಲಾರ.

ಮೊನಾಕೊದ ಮೂವತ್ತು ಸುತ್ತು

ಹಾಗಾಗಿಯೇ 2025ರ ಮೊನಾಕೊ ಗೆಲುವಿಗೆ ಬೆಲೆ. ಆ ವರ್ಷ ಕುಶ್ ಡ್ಯಾಮ್ಸ್ ತಂಡ ಸೇರಿದ್ದ. ಫಾರ್ಮುಲಾ-2ರ ಚಿಕ್ಕ ರೇಸಿಗೆ ಅರ್ಹತಾ ಸುತ್ತಿನ ಮೊದಲ ಹತ್ತು ಜನರನ್ನು ತಿರುಗಮುರುಗ ನಿಲ್ಲಿಸುತ್ತಾರೆ, ಹತ್ತನೆಯವನು ಮೊದಲ ಜಾಗದಲ್ಲಿ. ಕುಶ್‌ಗೆ ಮುಂದಿನ ಜಾಗ ಸಿಕ್ಕಿದ್ದು ಹಾಗೆ. ‘ಅಯ್ಯೋ, ಅಷ್ಟೇನಾ’ ಅನ್ನಬೇಡಿ.

ಮೊನಾಕೊ ಅಂದರೆ ಬಯಲಿನ ಟ್ರ್ಯಾಕ್ ಅಲ್ಲ. ಊರಿನ ಬೀದಿಗಳೇ ಟ್ರ್ಯಾಕು. ಒಂದು ಸುತ್ತು 3.337 ಕಿಲೋಮೀಟರ್. ಎರಡೂ ಕಡೆ ಕಬ್ಬಿಣದ ತಡೆಗೋಡೆ. ಅವೆನ್ಯೂ ರೋಡಿನಲ್ಲಿ ಮಧ್ಯಾಹ್ನ ಲಾರಿಯನ್ನು ಓವರ್‌ಟೇಕ್ ಮಾಡುವುದು ಎಷ್ಟು ಕಷ್ಟವೋ ಅಲ್ಲಿ ಹಿಂದಿನಿಂದ ಮುಂದೆ ಬರುವುದು ಅಷ್ಟೇ ಕಷ್ಟ. ಹಿಂದಿನವನು ಹಾದು ಹೋಗುವುದು ಕಷ್ಟ, ನಿಜ. ಆದರೆ ಮುಂದಿರುವವನು ಒಂದೇ ಒಂದು ಸಲ ಒಂದು ಗೇಣು ತಪ್ಪಿದರೂ ಗೋಡೆಗೆ ಹೋಗುತ್ತಾನೆ. ಹಿಂದಿನವರು ಕಾಯುವುದು ಅದನ್ನೇ. ಹೀಗೆ 30 ಸುತ್ತು, ನೂರು ಕಿಲೋಮೀಟರ್. ಕುಶ್ ತಪ್ಪಲಿಲ್ಲ. ಈ ಸಲ ಕಾಗದ ಬೇಕಾಗಲಿಲ್ಲ. ಮೊದಲನೆಯ ಮೆಟ್ಟಿಲಲ್ಲೇ ನಿಂತ, ಜನಗಣಮನ ಮೊಳಗಿತು.

ಅದೇ ವರ್ಷ ಫಾರ್ಮುಲಾ-1ರ ಆಲ್ಪೀನ್ ತಂಡ ಅವನನ್ನು ಟೆಸ್ಟ್ ಮತ್ತು ರಿಸರ್ವ್ ಡ್ರೈವರ್ ಮಾಡಿಕೊಂಡಿತ್ತು. ಜೆ.ಸಿ. ರೋಡಿನ ಭಾಷೆಯಲ್ಲಿ ಹೇಳಬೇಕೆಂದರೆ ಸ್ಟೆಪ್ನಿ. ಗಾಡಿಯಲ್ಲಿ ಜಾಗ ಇದೆ, ರೋಡಿಗೆ ಇಳಿಯುವುದು ಮಾತ್ರ ಇನ್ನೊಂದು ಚಕ್ರ ಪಂಕ್ಚರ್ ಆದಾಗ. ಸ್ಟೆಪ್ನಿಗೂ ಒಂದು ದಿನ ಬರುತ್ತದೆ ಅನ್ನುವುದಕ್ಕೆ ಜೆಡ್ಡಾದ ಬೇರ್‌ಮನ್ನೇ ಸಾಕ್ಷಿ. ಆದರೆ ಪಿ.ಯು.ಸಿ. ಪಾಸಾದವರಿಗೆಲ್ಲ ಮೆಡಿಕಲ್ ಸೀಟು ಸಿಗುತ್ತದೆಯೆ? ಫಾರ್ಮುಲಾ-1ರಲ್ಲಿ 2025ರವರೆಗೆ ಇದ್ದಿದ್ದು 20 ಸೀಟು, 2026ರಿಂದ 22. ಇಡೀ ಪ್ರಪಂಚಕ್ಕೆ ಅಷ್ಟೇ.

ಉಳಿದ ಹುಡುಗರ ಗತಿ?

ಕೊನೆಗೊಂದು ಮಾತು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ರೇಸ್ ಟ್ರ್ಯಾಕ್ ಇದೆ. ಕೊಯಮತ್ತೂರಿನಲ್ಲಿ ಇದೆ. ಗ್ರೇಟರ್ ನೋಯ್ಡಾದಲ್ಲಿ ಕಟ್ಟಿದ ದೊಡ್ಡ ಟ್ರ್ಯಾಕಿನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ-1 ರೇಸೇ ನಡೆಯಿತು. ವಿಮಾನ, ಬಸ್ಸು, ಮೋಟಾರಿನ ಬಿಡಿಭಾಗ ಎಲ್ಲಾ ತಯಾರಿಸುವ ನಮ್ಮ ಬೆಂಗಳೂರಿನಲ್ಲಿ ಅಂಥ ಟ್ರ್ಯಾಕ್ ಇಲ್ಲ. ಮಕ್ಕಳು ಚಿಕ್ಕ ಗೋ-ಕಾರ್ಟ್ ಓಡಿಸುವ ಜಾಗಗಳಿವೆ, ಅಲ್ಲಿಂದ ಮುಂದೆ ಹೋಗಬೇಕಾದವನು ತಮಿಳುನಾಡಿನ ಬಸ್ಸು ಹತ್ತಬೇಕು.

ಮೈನಿ ಸೋದರರಿಗೆ ಮನೆಯ ಬಲ ಇತ್ತು, ಸಮುದ್ರ ದಾಟಿದರು. ಅದಕ್ಕಾಗಿ ಅವರನ್ನು ಹೀಯಾಳಿಸುವುದು ಬೇಡ, ಮೊನಾಕೊದಲ್ಲಿ ಸ್ಟಿಯರಿಂಗ್ ಹಿಡಿದಿದ್ದು ಅಪ್ಪನ ಚೆಕ್ ಬುಕ್ಕಲ್ಲ. ಆದರೆ ಈ ಹೊತ್ತು ಕಲಾಸಿಪಾಳ್ಯದ ಯಾವುದೋ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿ, ಕಿವಿಯಿಂದಲೇ ಇಂಜಿನ್ನಿನ ರೋಗ ಹೇಳುವ ಹುಡುಗ ಇದ್ದಾನೆ. ಅವನ ಅಪ್ಪ ರೇಸ್ ಓಡಿಸಿದವನಲ್ಲ, ಕಾರ್ಖಾನೆ ಕಟ್ಟಿದವನಲ್ಲ. ಅವನ ಕೈಗೆ ಸ್ಟಿಯರಿಂಗ್ ಕೊಡುವವರು ಯಾರು? ಒಮ್ಮೆ ಹುಡುಕಾಟ ನಡೆಸಿದ್ದ ಫೋರ್ಸ್ ಇಂಡಿಯಾ ತಂಡವೇ ಈಗಿಲ್ಲ.

ಸದ್ಯಕ್ಕೆ ಅವನು ವೇಗ ಕಲಿಯಬೇಕಾದ್ದು ಈ ಮಕ್ಕಳ ಕೂಟದ ಸರ್ಕಲ್ಲಿನಲ್ಲೇ. ಅಗೋ, ಬಸ್ಸು ಒಂದು ಮಾರು ಮುಂದಕ್ಕೆ ಹೋಯಿತು. ಹಿಡಕೊಳ್ಳಿ ಸ್ವಾಮಿ, ಬೀಳ್ತೀರಿ!