ಮುಪ್ಪಿನ ನಾಯಿಯ ಕೀಲುನೋವು

ಹನ್ನೆರಡು ವರ್ಷ ನಮ್ಮ ಮನೆಬಾಗಿಲು ಕಾಯ್ದ ನಾಯಿ ಮೆಟ್ಟಿಲೇರಲು ಹಿಂಜರಿದಾಗ ಅದನ್ನು ನಾವು ಸೋಮಾರಿತನವೆಂದೇ ಬಗೆದೆವು. ಅದು ನೋವೆಂದು ಅರಿವಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ನಾಯಿ ನೋವನ್ನು ಕೂಗಿ ಹೇಳುವುದು ವಿರಳ. ಬೆಳಗ್ಗೆ ಏಳುವಾಗಿನ ಬಿಗಿತ, ಕುಂಟುನಡಿಗೆ, ಕೀಲನ್ನು ಪದೇ ಪದೇ ನೆಕ್ಕುವುದು ಇವೇ ಅದರ ಮಾತು.

ಮೂಳೆಗಳ ತುದಿಯನ್ನು ಹೊದೆದಿರುವ ಮೃದ್ವಸ್ಥಿ ಸವೆದಾಗ ಈ ಬಾಧೆ ತಲೆದೋರುತ್ತದೆ. ಸವೆದುದು ಮೊದಲಿನಂತಾಗದು, ಆದರೆ ಕೀಲಿನ ಮೇಲಿನ ಭಾರವನ್ನು ಇಳಿಸುವುದು ನಮ್ಮ ಕೈಯಲ್ಲಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನವಿಡೀ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಡಹುಟ್ಟಿದವುಗಳಿಗಿಂತ ಶೇಕಡಾ 25ರಷ್ಟು ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಅವುಗಳಿಗೆ ಕೀಲುಬೇನೆಯೂ ತಡವಾಗಿ ಬಂದಿತು. ಆದ್ದರಿಂದ ಮಮತೆಯಿಂದ ಹಾಕುವ ಹೋಳಿಗೆ, ಬಿಸ್ಕತ್ತುಗಳನ್ನು ನಿಲ್ಲಿಸೋಣ.

ದಿನಕ್ಕೆರಡು ಬಾರಿ ಮಣ್ಣಿನ ಹಾದಿಯಲ್ಲಿ ಕಿರುನಡಿಗೆ, ಜಾರುವ ನೆಲಕ್ಕೆ ಗೋಣಿತಟ್ಟು, ಮಲಗಲು ದಪ್ಪ ಕೌದಿ ಇವಿಷ್ಟು ಸಾಕು. ನಾವು ನುಂಗುವ ನೋವಿನ ಮಾತ್ರೆಯನ್ನು ಮಾತ್ರ ಕೊಡಲಾಗದು. ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಕುಂಟು ಕಂಡೊಡನೆ ಪಶುವೈದ್ಯರಿಗೆ ತೋರಿಸುವುದು ಲೇಸು.

ನಮ್ಮ ನಾಯಿ ಈಗಲೂ ಮೆಟ್ಟಿಲೇರದು. ಆದರೆ ಸಂಜೆ ನಾವು ಬರುವಾಗ ಬಾಗಿಲವರೆಗೆ ನಡೆದು ಬರುತ್ತದೆ.