ಕೆಂಪು ಧೂಳು, ಕಾರಿನ ಉಸಿರು

ಮಕ್ಕಳೇ, ಸಂಡೂರಿನ ಅದಿರು ಲಾರಿಗಳ ದಾರಿಯಲ್ಲಿ ಓಡಿದ ಕಾರನ್ನು ನೋಡಿದ್ದೀರಾ? ಮೈಯೆಲ್ಲ ಕೆಂಪು ಧೂಳು! ಅದು ಏರ್ ಫಿಲ್ಟರಿನಲ್ಲೂ ತುಂಬಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಕಾರು ಏರು ಹತ್ತಲು ತಿಣುಕುತ್ತದೆ.

ಇಷ್ಟಕ್ಕೇ ಹೊಸಪೇಟೆಯ ಷೋರೂಂಗೆ ಹೋಗಬೇಕೆ? ವಾರಂಟಿ ಇರುವಾಗ ಅಲ್ಲಿಗೇ ಹೋಗುವುದು ಒಳ್ಳೆಯದು. ಅದು ಮುಗಿದ ಮೇಲೆ ಫಿಲ್ಟರ್, ಆಯಿಲ್, ಬ್ರೇಕ್ ಕೆಲಸಕ್ಕೆ ಊರಿನ ನಂಬಿಕಸ್ಥ ಮೆಕ್ಯಾನಿಕ್ ಸಾಕು.

ಆದರೆ ಅವರಿಗೂ ಅಸಲಿ ಬಿಡಿಭಾಗ ಸಿಗಬೇಕಲ್ಲ? 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿ, ಹೊರಗಿನ ಗ್ಯಾರೇಜುಗಳಿಗೂ ಬಿಡಿಭಾಗ ಸಿಗುವಂತೆ ಮಾಡಬೇಕೆಂದು ಆದೇಶಿಸಿತು.

ಮುಂದಿನ ಸಲ ತಾತನ ಜೊತೆ ಗ್ಯಾರೇಜಿಗೆ ಹೋದಾಗ, “ಅಣ್ಣಾ, ತೆಗೆದ ಫಿಲ್ಟರ್ ತೋರಿಸಿ” ಎನ್ನಿ. ತಾತ ಬಿಲ್ ಕೇಳಲಿ. ಬಿಚ್ಚಿದ್ದನ್ನು ತೋರಿಸಿ, ಬಿಲ್ ಕೊಡುವವರೇ ನಂಬಿಕಸ್ಥರು.